ಸರಾಸರಿ ಏಳು

ಮೊನ್ನೆ ಪಿಂಚಣಿಯ ಕಾಗದ ಹುಡುಕಲು ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಹಳೆಯ ಝೆರಾಕ್ಸ್ ಹಾಳೆಯೊಂದು ಕೈಗೆ ಬಂತು. ಅದರಲ್ಲಿ ನಾಲ್ಕು ಅಂಕಗಳು: ಕೇಳುವುದು ಏಳೂವರೆ, ಓದುವುದು ಏಳು, ಬರೆಯುವುದು ಆರು, ಮಾತಾಡುವುದು ಏಳು. ಪಕ್ಕದಲ್ಲಿ ಸರಾಸರಿ ಏಳು. ನೀವೇ ಕೂಡಿಸಿ ಭಾಗಿಸಿ ನೋಡಿ, ಏಳಕ್ಕೆ ಚೂರು ಕಡಿಮೆಯೇ ಬರುತ್ತದೆ. ನನ್ನ ಗೊಂದಲ ಅಲ್ಲಿಂದಲೇ ಶುರು.

ಎರಡು ಸಾವಿರದ ಐದರ ಆಚೀಚೆ ನಾನು ಇಳಕಲ್ಲಿನಲ್ಲಿ ಇಂಗ್ಲಿಷ್ ಮಾಸ್ತರ. ನೇಕಾರ ಮಲ್ಲಪ್ಪನವರ ಮಗಳು ಗಿರಿಜಾ ನನ್ನ ಹಳೆಯ ವಿದ್ಯಾರ್ಥಿನಿ, ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಹೋಗಲೆಂದು ಇಂಗ್ಲಿಷ್ ಪರೀಕ್ಷೆ ಬರೆದಿದ್ದಳು. ಫಲಿತಾಂಶವನ್ನು ಮಲ್ಲಪ್ಪನವರೇ ನನ್ನ ಬಳಿ ತಂದರು.

"ಪಾಸೋ ನಪಾಸೋ ಹೇಳ್ರಿ ಸರ."

ಒಂಬತ್ತಕ್ಕೆ ಏಳು! ನಾನು ಶೇಕಡಾ ಲೆಕ್ಕ ಹಾಕಿ, "ಡಿಸ್ಟಿಂಕ್ಷನ್ ರೀ!" ಎಂದೆ. ಅವರು ಮಗ್ಗ ನಿಲ್ಲಿಸಿ ಓಣಿಗೆಲ್ಲ ಪೇಢೆ ಹಂಚಿದರು.

ಸಂಜೆ ಗಿರಿಜಾ ಫೋನು ಮಾಡಿದಳು. "ಸರ, ಬರಿಯೋದ್ರಾಗ ಆರು ಬಂದೈತಿ. ನಡೀತೈತೇನ್ರಿ?"

"ಆಸ್ಟ್ರೇಲಿಯಾದವರು ಏಳು ಕೇಳ್ಯಾರ, ಏಳು ಬಂದೈತಿ. ಮತ್ತೇನು ಬೇಕವ್ವಾ?"

ಆ ಮಾತನ್ನು ನಂಬಿ ಅವಳು ರಾಜೀನಾಮೆ ಕೊಟ್ಟಳು.

ಕೆಲವು ವಾರಗಳ ಬಳಿಕ ಅಲ್ಲಿನ ನರ್ಸಿಂಗ್ ಮಂಡಳಿಯ ಪತ್ರ ಬಂತು. ಗಿರಿಜಾ ಅದನ್ನು ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. "ಏಳು ಅಂದ್ರ ನಾಲ್ಕೂ ಏಳು ಇರಬೇಕಂತ್ರಿ ಸರ." ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮರುದಿನ ಅವಳ ಜೊತೆ ಬಾಗಲಕೋಟೆಗೆ ಹೋಗಿ, ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿರೆಂದು ಹಳೆಯ ಆಸ್ಪತ್ರೆಯ ಡಾಕ್ಟರ ಮುಂದೆ, "ತಪ್ಪು ನಂದ್ರಿ, ಆ ಹುಡುಗೀದಲ್ಲ" ಎಂದೆ. ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಗಿರಿಜಾ ಕಮತಗಿಯ ಸಣ್ಣ ದವಾಖಾನೆಯೊಂದನ್ನು ಸೇರಿದಳು.

ಪ್ರಾಯಶ್ಚಿತ್ತಕ್ಕೆಂದು ನಾನು ಪ್ರತಿ ರವಿವಾರ ಅವಳಿಗೆ ಬರವಣಿಗೆ ಕಲಿಸತೊಡಗಿದೆ. ಪರೀಕ್ಷೆಯಲ್ಲಿ ಒಂದು ನಕ್ಷೆ ನೋಡಿ ವಿವರಿಸಬೇಕಿತ್ತು. ಇಪ್ಪತ್ತು ವರ್ಷ ಆಕಳಿನ ಮೇಲೆ ಪ್ರಬಂಧ ಬರೆಸಿದವನು ನಾನು. ಮಳೆಯ ನಕ್ಷೆಗೆ ಮಳೆಯ ಉಪಕಾರಗಳನ್ನು ಒಂದೂವರೆ ಪುಟ ಬರೆದು ತೋರಿಸಿದೆ. ಗಿರಿಜಾ ನಗು ತಡೆದು, "ಉಪಕಾರ ಕೇಳಿಲ್ರಿ ಸರ. ಚಿತ್ರದಾಗ ಏನೈತಿ ಅಷ್ಟ ಬರೀಬೇಕ್ರಿ" ಎಂದಳು. ಯಾರು ಯಾರಿಗೆ ಕಲಿಸುತ್ತಿದ್ದೆವೋ ತಿಳಿಯದಾಯಿತು.

ಎರಡನೆಯ ಸಲ ಪರೀಕ್ಷೆ ಕಟ್ಟಿದಾಗ ಬರೆಯುವುದಕ್ಕೆ ಏಳು ಬಂತು, ಕೇಳುವುದು ಆರೂವರೆಗೆ ಇಳಿಯಿತು.

"ಹ್ವಾದ ಸಲದ ಏಳೂವರೆ ಇದಕ್ಕ ಜೋಡಿಸಾಕ ಬರಂಗಿಲ್ಲೇನು?" ಎಂದೆ.

"ಒಂದ ಸಲಕ್ಕ ನಾಲ್ಕೂ ಬರಬೇಕಂತ್ರಿ."

ಆರು ತಿಂಗಳ ಮೇಲೆ ಮೂರನೆಯ ಫಲಿತಾಂಶ ಬಂತು. ಮಲ್ಲಪ್ಪನವರು ಲಕೋಟೆ ಹಿಡಿದು ಮತ್ತೆ ನಮ್ಮ ಬಾಗಿಲಿಗೆ ಬಂದರು.

"ನನ್ನ ಕೇಳಬ್ಯಾಡ್ರಿ ಮಲ್ಲಪ್ಪನವರ. ಗಿರಿಜಾನ್ನ ಕೇಳ್ರಿ."

"ಅಕಿನ ಕಳಿಸ್ಯಾಳ್ರಿ. ಸರ್‌ನ ಕೇಳ್ಕೊಂಡು ಬಾ ಅಂದಾಳ."

ಕನ್ನಡಕ ಒರೆಸಿಕೊಂಡೆ. ಒಂದೊಂದೇ ಅಂಕದ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. "ನಾಲ್ಕರಾಗ ಒಂದೂ ಏಳಕ್ಕಿಂತ ಕಡಿಮಿ ಇಲ್ರಿ. ಆದ್ರೂ ಮಂಡಳಿ ಪತ್ರ ಬರೋತನಕ ಕೆಲಸ ಬಿಡಬ್ಯಾಡ ಅನ್ರಿ."

ಪತ್ರ ಬಂತು, ಗಿರಿಜಾ ಹೋದಳು. ಆ ಸರಾಸರಿ ಏಳು ಹೇಗಾಯಿತೆಂದು ನೀವು ಕೇಳಿದರೆ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ಮಾತ್ರ ಈಗ ನಾಚಿಕೆಯಾಗುವುದಿಲ್ಲ.