ಹೊನ್ನೂರಿನ ಸೊಸೆ ನರ್ಸಿಂಗ್ ಓದಿದ್ದು

ಗಂಡ ಹೋದ ಮೇಲೆ ಭವ್ಯಶ್ರೀಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಗುಡಿಸಿದ ಪಡಸಾಲೆಯನ್ನೇ ಮತ್ತೆ ಗುಡಿಸುವಳು. ಒಣಹಾಕಿದ ಬಟ್ಟೆಯನ್ನು ಹಸಿಯಿರುವಾಗಲೇ ತೆಗೆದು ಇನ್ನೊಂದು ಕಡೆ ಹರವುವಳು.

ಗಂಡ ಉದಯಕುಮಾರ್ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ ಹೊನ್ನೂರಿಗೆ ಬಂದಿದ್ದ. ಬಂದು ವರ್ಷ ತುಂಬುವ ಮೊದಲೇ, ಕಬ್ಬಿಗೆ ನೀರು ಕಟ್ಟಲು ಹೋದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದ. ಆಟೋದಲ್ಲಿ ಯಳಂದೂರಿಗೆ ಒಯ್ಯುವಾಗ ಅವನ ತಲೆ ಅವಳ ಮಡಿಲಲ್ಲಿತ್ತು. ಏನು ಮಾಡಬೇಕೆಂದು ತಿಳಿಯದೆ ಬೆನ್ನು ಸವರಿದಳು, ನೀರು ಕುಡಿಸಲು ನೋಡಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಮಗಳು ಸಿಂಧು ಆಗಿನ್ನೂ ಅಂಗನವಾಡಿಯ ಮಗು. ಮುಂದೆ ಅವಳ ಓದಿಗೆ ಸೈನಿಕರ ಕಡೆಯಿಂದ ಏನಾದರೂ ಸಿಗುತ್ತದೆಯೇ ಎಂದು ಕೇಳಲು ಭವ್ಯಶ್ರೀ ಒಮ್ಮೆ ಕೊಳ್ಳೇಗಾಲಕ್ಕೆ ಹೋದಳು. ಅಲ್ಲಿ ಮಾಜಿ ಸೈನಿಕರ ಕೆಲಸಗಳಿಗೆ ಓಡಾಡುತ್ತಿದ್ದ ನಿವೃತ್ತ ಸುಬೇದಾರ್ ಶಾಂತರಾಜು ಸಿಕ್ಕರು.

"ಮಗೀಗೆ ಇನ್ನೂ ಕಾಲ ಅದೆ. ನೀನೆಷ್ಟು ಓದಿದ್ದೀಯವ್ವ?" ಎಂದರು.

"ಪಿಯುಸಿ ಸೈನ್ಸು ಸಾ. ಫಸ್ಟ್ ಕ್ಲಾಸು. ಆಮ್ಯಾಕೆ ಮದ್ವೆ ಮಾಡುದ್ರು."

"ಅಂಗಾದ್ರೆ ನೀನೇ ಓದು. ಸ್ಕಾಲರ್‌ಶಿಪ್ಪು ಬರೀ ಮಕ್ಕಳಿಗಲ್ಲ ಕಣವ್ವ, ಗಂಡನ್ನ ಕಳ್ಕಂಡೋರಿಗೂ ಅದೆ."

ವಾಪಸು ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಬಾಗಿಲ ಬಳಿಯೇ ನಿಂತು ಬಂದಳು.

ಅತ್ತೆ ಶಂಕರಮ್ಮ ಕೇಳಿದ ಕೂಡಲೇ ಸಿಡುಕಿದಳು. "ಈ ವಯಸ್ನಲ್ಲಿ ಹೈಕಳ ಜೊತೆ ಬೆಂಚಿನ್ ಮ್ಯಾಲೆ ಕೂತ್ಕತೀಯಾ? ಪಿಂಚಣಿ ಬತ್ತದೆ, ಉಂಡ್ಕಂಡು ಮಗೀನ ನೋಡ್ಕಂಡಿರು."

ಮಾವ ಸದಾಶಿವಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟರು. ಬೇಡವೆನ್ನಲಿಲ್ಲವಲ್ಲ ಎಂದುಕೊಂಡು ಭವ್ಯಶ್ರೀ ಶಾಂತರಾಜು ಅವರ ನೆರವಿನಿಂದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿ ಕೊಳ್ಳೇಗಾಲದ ನರ್ಸಿಂಗ್ ಕಾಲೇಜಿಗೆ ಸೇರಿಯೇಬಿಟ್ಟಳು.

ಸುಲಭವಿರಲಿಲ್ಲ. ತರಗತಿಯಲ್ಲಿದ್ದರೆ ಮಗುವಿನ ಚಿಂತೆ, ಮನೆಯಲ್ಲಿದ್ದರೆ ಇಂಗ್ಲಿಷ್ ಪಾಠಗಳ ಚಿಂತೆ. ಹುಡುಗಿಯರು "ಅಕ್ಕ, ಅಕ್ಕ" ಎಂದು ಹತ್ತಿರ ಬಂದರೂ ಇವಳ ಕಣ್ಣು ಬಸ್ಸಿನ ವೇಳೆಯ ಮೇಲೆಯೇ. ಒಂದು ದಿನ ಮೇಡಂ ಹೃದಯಾಘಾತದ ಪಾಠ ತೆಗೆದರು. ರೋಗಿಯನ್ನು ಹೇಗೆ ಮಲಗಿಸಬೇಕು, ಉಸಿರು ನಿಂತರೆ ಎದೆಯನ್ನು ಹೇಗೆ ಒತ್ತಬೇಕು ಎಂದು ಗೊಂಬೆಯ ಮೇಲೆ ತೋರಿಸಿದರು. ಭವ್ಯಶ್ರೀ ಎದ್ದು ಹೊರಗೆ ನಡೆದಳು.

ಮರುದಿನದಿಂದ ಅವಳು ಕಾಲೇಜಿಗೆ ಹೋಗಲಿಲ್ಲ. ಮನೆಯಿಂದ ಬ್ಯಾಗು ಹೊತ್ತು ಹೊರಡುವಳು, ಕೊಳ್ಳೇಗಾಲದ ಬೀದಿಗಳಲ್ಲಿ ಸುಮ್ಮನೆ ತಿರುಗಿ ಸಂಜೆಯ ಬಸ್ಸಿಗೆ ಬರುವಳು. ಹೀಗೇ ಆದರೆ ಸ್ಕಾಲರ್‌ಶಿಪ್ಪೂ ಉಳಿಯದು ಎಂದು ಕಾಲೇಜಿನವರು ಅವಳಿಗೆ ಫೋನು ಮಾಡಿದರು.

ಒಂದು ದಿನ ಪಂಪ್‌ಸೆಟ್ಟಿನ ಮೋಟಾರು ರಿಪೇರಿಗೆಂದು ಕೊಳ್ಳೇಗಾಲಕ್ಕೆ ಬಂದ ಸದಾಶಿವಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡರು.

"ಇವತ್ತು ಕಾಲೇಜಿಲ್ವಾ?"

"ಅದೆ ಮಾವ." ಅಲ್ಲಿಂದ ಮುಂದೆ ತಡೆಯಲಾಗದೆ ಎಲ್ಲ ಹೇಳಿದಳು. "ಅವತ್ತು ಎದೆ ಒತ್ತಿದ್ರೆ ಉಳ್ಕತಿದ್ರೋ ಏನೋ. ನಾನು ನೀರು ಕುಡ್ಸಕ್ಕೋದೆ."

ಸದಾಶಿವಪ್ಪ ಅವಳ ಹೆಗಲಿನ ಬ್ಯಾಗನ್ನು ತಾವು ತೆಗೆದುಕೊಂಡರು.

"ಗೊತ್ತಿಲ್ದೆ ಇದ್ದದ್ದು ನೀನೊಬ್ಳೇ ಅಲ್ಲ ಕಣವ್ವ. ಆ ಆಟೋದಲ್ಲಿ ನಾನೂ ಇದ್ದೆ. ನಂಗಂತೂ ಈಗ್ಲೂ ಗೊತ್ತಿಲ್ಲ. ನೀನಾದ್ರೂ ಕಲಿ."

ಮೋಟಾರನ್ನು ಹತ್ತಿರದ ಅಂಗಡಿಯೊಂದರಲ್ಲಿ ಬಿಟ್ಟು ಅವಳ ಜೊತೆ ಕಾಲೇಜಿನ ಗೇಟಿನವರೆಗೂ ನಡೆದು ಬಂದರು.

ಆ ರಾತ್ರಿ ಅತ್ತೆ ಮಾವನ ನಡುವೆ ಏನು ಮಾತಾಯಿತೋ, ಬೆಳಗ್ಗೆ ಶಂಕರಮ್ಮ ಪಾತ್ರೆ ಕಟ್ಟುತ್ತಿದ್ದಳು. "ಬಸ್ಸಲ್ಲೇ ಅರ್ಧ ದಿನ ಕಳುದ್ರೆ ಯಾವಾಗ ಓದೀಯೆ? ಕೊಳ್ಳೇಗಾಲದಲ್ಲಿ ಒಂದು ರೂಮು ನೋಡು. ನಾನೂ ಬತ್ತೀನಿ, ಮಗೀನ ಅಲ್ಲೇ ನೋಡ್ಕತೀನಿ." ಪೇಟೆಯ ನೀರು, ಸೊಳ್ಳೆ, ಪಕ್ಕದ ಮನೆಯವರ ಟೀವಿ ಎಲ್ಲವನ್ನೂ ಬೈಯುತ್ತಲೇ ಓದು ಮುಗಿಯುವವರೆಗೂ ಸೊಸೆಗೆ ಅಡುಗೆ ಮಾಡಿ ಹಾಕಿದಳು.

ಈಗ ಭವ್ಯಶ್ರೀ ಹನೂರಿನ ಆಚೆ, ರಾಮಾಪುರದ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸು. ಕೆಲಸ ಕಾಯಂ ಅಲ್ಲ. ಹೊಸ ನೇಮಕಾತಿಯ ಪರೀಕ್ಷೆಗೆ ಬಸ್ಸಿನಲ್ಲೇ ಓದುತ್ತಾಳೆ. ಡ್ಯೂಟಿ ಮುಗಿದ ಮೇಲೂ ವಾರ್ಡಿಗೊಂದು ಸುತ್ತು ಹಾಕದೆ ಹೊರಡುವುದಿಲ್ಲ. ರಾಮಾಪುರದಲ್ಲೇ ಮನೆ ಮಾಡೋಣವೆಂದು ಕರೆದರೆ ಶಂಕರಮ್ಮ ಕೊಳ್ಳೇಗಾಲ ಬಿಡಲು ಒಪ್ಪುತ್ತಿಲ್ಲ.

"ಸಿಂಧು ಇಸ್ಕೂಲು ಇಲ್ಲಿ ಚೆನ್ನಾಗದೆ. ನೀನು ಬೇಕಾರೆ ಓಗು."