ಲಕ್ಕಿ ಎಣ್ಣೆಯ ಪರೀಕ್ಷೆ

ಮೇಡಂ ಮಾಡಿದ ಪರೀಕ್ಷೆಯನ್ನು ಹಾಳು ಮಾಡಿದ್ದು ನನ್ನ ಬಾಯಿ. ಅವರು ಸಿಂಧನೂರಿನ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದರು. ಲಕ್ಕಿ ಸೊಪ್ಪಿನ ಎಣ್ಣೆಗೆ ಮೊಣಕಾಲು ನೋವು ನಿಜಕ್ಕೂ ಇಳಿಯುತ್ತದೆಯೇ ಎಂದು ತಿಳಿಯಲು, ತುರ್ವಿಹಾಳದಲ್ಲಿ ಭತ್ತ ನಾಟಿ ಮಾಡುವ ಅರ್ಧ ಹೆಂಗಸರಿಗೆ ಅದನ್ನೂ, ಉಳಿದರ್ಧ ಮಂದಿಗೆ ಅದೇ ವಾಸನೆ ಬರುವ ಬರೀ ಎಣ್ಣೆಯನ್ನೂ ಕೊಡಿಸಿದ್ದರು. ವಾರವಾರ ಬಸ್ಸಿಳಿದು, ತಮ್ಮದೇ ಮೊಣಕಾಲು ಒತ್ತಿಕೊಳ್ಳುತ್ತಾ, ಒಬ್ಬೊಬ್ಬರನ್ನೂ ದಣಿದ ದನಿಯಲ್ಲಿ ಕೇಳುವರು: "ಈಗ ಹೆಂಗೈತಿ ಹೇಳ್ರಿ. ನನಗ ಬೇಜಾರಾಗ್ತೈತಂತ ಸುಳ್ಳು ಹೇಳಬ್ಯಾಡ್ರಿ."

ಎಣ್ಣೆ ಹಂಚುತ್ತಿದ್ದ ನಾನು, ಅವರು ಅತ್ತ ಹೋದ ಕೂಡಲೇ ಅವರದೇ ದನಿಯಲ್ಲಿ, ಅವರಂತೆಯೇ ಮೊಣಕಾಲು ಒತ್ತಿಕೊಂಡು ಅದನ್ನೇ ಕೇಳುತ್ತಿದ್ದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಗೆ ನೋಡಿದರೆ ಎರಡೂ ಗುಂಪಿನ ನೋವು ಒಂದೇ ಸಮ ಇಳಿದಿತ್ತು.

"ಈ ಹುಡುಗ ಬಂದಾನಂದ್ರ ನಮಗ ಮೊಣಕಾಲು ನೆನಪಾಗಂಗಿಲ್ರಿ," ಎಂದಳು ಒಬ್ಬ ಅಜ್ಜಿ.

ಮೇಡಂ ಕಣ್ಣು ಮುಚ್ಚಿ ಗೋಡೆಗೊರಗಿದರು. ಇಷ್ಟು ದಿನದ ಓಡಾಟವೆಲ್ಲ ನೀರುಪಾಲಾಗಿತ್ತು. ಆಗಲಾದರೂ ನಾನು ಸುಮ್ಮನಿರಬೇಕಿತ್ತು.

"ಹಂಗಾರ ನಾನೂ ಔಷಧನೇ ಆದ್ನಲ್ರಿ ಮೇಡಂ. ನನ್ನನ್ನೂ ಪರೀಕ್ಷೆ ಮಾಡಿಬಿಡ್ರಿ."

ಅವರು ಕಣ್ಣು ತೆರೆಯಲಿಲ್ಲ.

"ಮಾಡ್ತಿದ್ನೋ. ಆದ್ರ ಅರ್ಧ ಮಂದಿ ಮುಂದ ಕುಂದ್ರಸಾಕ ನಿನ್ನಂಗ ಇರೋ, ಬಾಯಿ ಮುಚ್ಕೊಂಡಿರೋ ಇನ್ನೊಬ್ಬ ಬೇಕಲ್ಲ. ಅವನ್ನ ಎಲ್ಲಿಂದ ತರ್ಲಿ?"