ರೈಟ್ ಅನ್ನುವವರೆಗೆ

ಅವರ ಎರಡು ಕೈಗಳೂ ಒಬ್ಬನೇ ಮನುಷ್ಯನವು ಅಂತ ನಂಬುವುದು ಕಷ್ಟವಿತ್ತು. ಎಡಗೈ ಗೋಧಿ ಬಣ್ಣ. ಬಲಗೈ ಮಾತ್ರ ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಗೇರುಬೀಜದ ಹಾಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ದಿನವೂ ಬಸ್ಸು ಓಡಿಸುತ್ತ, ಆ ಕೈಯನ್ನು ಕಿಟಕಿಯ ಹೊರಗೆ ಒಣಹಾಕಿಕೊಂಡೇ ಆಯುಷ್ಯ ಕಳೆದವರು. ಸ್ಟೇರಿಂಗು ಬಿಟ್ಟ ಮೇಲೆ ಎಷ್ಟು ಮಳೆಗಾಲ ತೊಳೆದರೂ ಆ ಕಪ್ಪು ಹೋಗಲಿಲ್ಲ. ಊರಿಗೆಲ್ಲ ಅವರು ಡ್ರೈವರಣ್ಣ. ನನ್ನ ಅಜ್ಜನ ಜೊತೆ ಶಾಲೆಗೆ ಹೋದವರು. ಆದರೂ ನನಗೂ ಅಣ್ಣನೇ.

ನಿವೃತ್ತಿಯಾದ ಬಸ್ ಡ್ರೈವರು ಸಾಮಾನ್ಯವಾಗಿ ಕಟ್ಟೆಯ ಮೇಲೆ ಕೂತು ಹೊಸ ಡ್ರೈವರುಗಳನ್ನು ಬೈಯುತ್ತಾರೆ. ಇವರು ಒಂದು ಸೈಕಲ್ ಕೊಂಡರು. ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: "ಇಷ್ಟು ವರ್ಷ ಎದುರಿಗೆ ಬಂದೋರಿಗೆಲ್ಲ ಸೈಡ್ ಕೊಟ್ಟಾತು ಮಾರಾಯ. ಇನ್ನು ಎದುರಿಗೆ ಯಾರೂ ಬರದ ರಸ್ತೇಲಿ ಹೋಗದು."

ಅಂಥ ರಸ್ತೆಗಳು ನಮ್ಮ ಕಡೆ ಇವೆ ಅನ್ನುವುದು ಅವರಿಂದಲೇ ನಮಗೆ ಗೊತ್ತಾದದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೆದ್ದು ಬರುವ, ಮುಳುಗಿಹೋಗಿದ್ದ ಹಳೇ ರಸ್ತೆಯ ತುಂಡು. ಹೈವೇ ಬಂದ ಮೇಲೆ ಎಲ್ಲರೂ ಮರೆತ ಕಾಡಿನ ತಿರುವುಗಳು. ಎಲ್ಲಕ್ಕಿಂತ ಮೇಲಾಗಿ, ಮಾಸ್ತಿಕಟ್ಟೆಯ ಆಚೆಗೆ, ಅಣೆಕಟ್ಟು ಕಟ್ಟುವಾಗ ಲಾರಿಗಳಿಗೆಂದು ಮಾಡಿ ಕೆಲಸ ಮುಗಿದ ಮೇಲೆ ಗೇಟು ಹಾಕಿದ ಇಳಿಜಾರು. ಗೇಟಿನ ಗಾರ್ಡು ಒಂದು ಕಾಲದಲ್ಲಿ ಇವರ ಬಸ್ಸಿನಲ್ಲೇ ಕಾಲೇಜಿಗೆ ಹೋದವನು. ಸೈಕಲ್ಲಿಗೆ ಮಾತ್ರ ಗೇಟು ತೆಗೆಯುತ್ತಿದ್ದ. ಮೊದಲು ಸಾಗರದಿಂದ ಇಬ್ಬರು ಮೂವರು ಬಂದರು. ಆಮೇಲೆ ದೂರದೂರಿಂದ, ನನ್ನ ಮೊಬೈಲ್ ಅಂಗಡಿಯ ಒಟ್ಟು ಮಾಲಿಗಿಂತ ದುಬಾರಿ ಸೈಕಲ್ಲುಗಳ ಮೇಲೆ, ಬಣ್ಣಬಣ್ಣದ ಹೆಲ್ಮೆಟ್ಟು ಹಾಕಿದವರು ಬರತೊಡಗಿದರು. ಭಾನುವಾರ ಬಂತೆಂದರೆ ಹೊಸನಗರದ ಅವರ ಮನೆಯ ಮುಂದೆ ಸೈಕಲ್ಲುಗಳ ಸಂತೆ.

ಆ ಸಂತೆಗೆ ನಾನು ಸೇರಿದ್ದು ಕಾಲಿನ ಬಲದಿಂದಲ್ಲ, ಬಾಯಿಯ ಬಲದಿಂದ. ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು ನಾನು. ತಹಶೀಲ್ದಾರರ ಕೆಮ್ಮಿನಿಂದ ಹಿಡಿದು ನಮ್ಮಮ್ಮನ ಮಿಕ್ಸಿಯವರೆಗೆ ಏನನ್ನೂ ಬಿಟ್ಟವನಲ್ಲ. ಮೈ ಮಾತ್ರ ಸೈಕಲ್ಲಿಗೆ ಹೇಳಿ ಮಾಡಿಸಿದ್ದಲ್ಲ. ಮೊದಲ ದಿನ ನಾನು ಹತ್ತಿದಾಗ ಸೀಟು ಹೊರಡಿಸಿದ ಸದ್ದನ್ನು ಇವತ್ತಿಗೂ ನನಗೆ ಅನುಕರಿಸಲಾಗಿಲ್ಲ.

ಆ ಮೊದಲ ದಿನವೇ ಡ್ರೈವರಣ್ಣನ ಪದ್ಧತಿ ತಿಳಿಯಿತು. ಎಲ್ಲರೂ ಸಾಲಾಗಿ ನಿಂತಿದ್ದೇವೆ. ಮುಂದೆ ಅವರು. ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡರು, ಪೆಡಲಿನ ಮೇಲೆ ಕಾಲಿಟ್ಟರು. ಹೊರಡಲೇ ಇಲ್ಲ. ನಾವೂ ಕಾದೆವು. ದುಬಾರಿ ಸೈಕಲ್ಲಿನವರೊಬ್ಬರು ಗಡಿಯಾರ ನೋಡಿಕೊಂಡರು. ಕೊನೆಗೆ ಡ್ರೈವರಣ್ಣ ತಿರುಗದೆಯೇ ಗದರಿದರು.

"ಹಿಂದಿನವ ಯಾರಾ? ಬಾಯಿಗೆ ಎಂತ ಆಗಿದೆ? ರೈಟ್ ಹೇಳಾ!"

ಹಿಂದಿನವನು ನಾನು. "ರೈಟ್!" ಅಂದೆ, ಅವರ ಹಳೇ ಬಸ್ಸಿನ ಕಂಡಕ್ಟರನ ಮೂಗುದನಿಯಲ್ಲೇ. ಅವರ ಬೆನ್ನು ಒಂದು ಕ್ಷಣ ನೆಟ್ಟಗಾಯಿತು. ಆಮೇಲೆ ಸೈಕಲ್ ಹೊರಟಿತು.

"ಹಿಂದಿನವ ಹತ್ತಿದ್ನೋ ಬಿಟ್ನೋ ಮುಂದಿನವ್ನಿಗೆ ಎಂತ ಗೊತ್ತು?" ಅಂತ ದಾರಿಯಲ್ಲಿ ವಿವರಿಸಿದರು. "ಡ್ರೈವರ್ ಅಂದ್ರೆ ಗಾಡಿ ನಡೆಸೋವ್ನು, ಅಷ್ಟೆ. ಗಾಡಿ ಹೊರಡಿಸೋವ್ನು ಹಿಂದಿದ್ದವ್ನು." ಹೀಗೆ ತಂಡದಲ್ಲೇ ಅತಿ ನಿಧಾನದವನಾದ ನನಗೆ ಅತಿ ದೊಡ್ಡ ಅಧಿಕಾರ ಸಿಕ್ಕಿತು. ನಾನು ಏದುಸಿರು ಬಿಟ್ಟುಕೊಂಡು ಬಂದು, ನೀರು ಕುಡಿದು, ರೈಟ್ ಅನ್ನುವವರೆಗೆ ಒಂದು ಚಕ್ರವೂ ತಿರುಗುವಂತಿಲ್ಲ. ಆ ಅಧಿಕಾರವನ್ನು ನಾನು ಧಾರಾಳವಾಗಿ ಬಳಸಿಕೊಂಡೆ.

ಅವರ ಉಳಿದ ಅಭ್ಯಾಸಗಳೂ ಬಸ್ಸಿನವೇ. ನರಪಿಳ್ಳೆ ಇಲ್ಲದ ಕಾಡಿನಲ್ಲಿ ಬಲಕ್ಕೆ ತಿರುಗುವಾಗ ಆ ಕರಿಯ ಕೈ ಚಾಚಿ ಸಿಗ್ನಲ್ ಕೊಡುವರು. ಪ್ರತಿ ತಿರುವಿಗೂ ಬೆಲ್ಲು.

"ಗೇಟು ಹಾಕಿದ ರಸ್ತೆ ಡ್ರೈವರಣ್ಣ, ಯಾರು ಬರ್ತಾರೆ?"

"ಕಾಡುಕೋಣ ಬರ್ತದೆ. ಅದಕ್ಕೆ ಲೈಸೆನ್ಸಿಲ್ಲ. ನಿಂಗಾದ್ರೂ ಬುದ್ಧಿ ಬೇಡ್ವನಾ?"

ಅವರ ಬಸ್ಸಿನ ಎಂಜಿನ್ನಿನ ಸದ್ದನ್ನು ನಾನು ಗೇರು ಗೇರಾಗಿ ಕಲಿತು ಅವರೆದುರು ಒಪ್ಪಿಸಿದಾಗ ಇಡೀ ತಂಡ ಚಪ್ಪಾಳೆ ತಟ್ಟಿತು. ಅವರು ಮಾತ್ರ, "ಅದು ಎಂಜಿನ್ ಅಲ್ಲ, ಅಜೀರ್ಣ. ಓಮದ ನೀರು ಕುಡಿ" ಅಂದರು.

ಹೋದ ಚಳಿಗಾಲದಲ್ಲಿ ಅವರು ಸಿಗ್ನಲ್ ಕೊಟ್ಟರು, ತಿರುವೇ ಇರಲಿಲ್ಲ. ಇನ್ನೊಂದು ಸಲ ತಿರುವಿತ್ತು, ಅವರು ತಿರುಗಲಿಲ್ಲ. ಮುಳ್ಳಿನ ಪೊದೆಯಿಂದ ಎತ್ತಿದಾಗ, "ರೋಡ್ ಶಿಫ್ಟ್ ಮಾಡಿದಾರೆ" ಅಂದರು. ಡಾಕ್ಟರು ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ ಅಂದರು. ಆ ದಿನದಿಂದ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ದಿನಾ ಬೆಳಿಗ್ಗೆ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಡುವರು. ಡ್ರೈವರಣ್ಣ ದಿನಾ ಸಂಜೆ ತಡವಿಕೊಂಡು ಗಾಳಿ ಹೊಡೆಯುವರು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

"ಎದುರಿಗೆ ನಿಂತ ನಾನೇ ಕಾಣದಿಲ್ಲ ಇವ್ರಿಗೆ" ಅಂತ ಅತ್ತಿಗೆ ನನ್ನ ಹತ್ತಿರ ಹೇಳಿಕೊಂಡರು.

"ಅದು ಮೊದ್ಲಿಂದ್ಲೂ ಹಂಗೇ ಅಲ್ವಾ ಅತ್ತಿಗೆ?" ಅಂದೆ. ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಡ್ರೈವರಣ್ಣನಿಗೆ ಒಂದೇ ಆಸೆ ಇತ್ತು. ಉಳಿದ ಬೆಳಕೂ ಆರುವುದರೊಳಗೆ ಆ ಗೇಟಿನ ಇಳಿಜಾರನ್ನು ಇನ್ನೊಮ್ಮೆ ಇಳಿಯಬೇಕು. ಯಾರದೋ ಕ್ಯಾರಿಯರಿನ ಮೇಲೆ ಕೂತಲ್ಲ, ಸ್ವಂತ ಬ್ರೇಕು ಹಿಡಿದು. "ಪ್ಯಾಸೆಂಜರ್ ಆಗಿ ಬರ ಮನ್ಷ ಅಲ್ಲ ನಾನು. ಮುಂದೆ ಹಸಿರಿದೆ ಅಂತ ಗೊತ್ತಾಗ್ತದಾ. ಆ ಹಸಿರೊಳಗೆ ರಸ್ತೆ ಎಲ್ಲಿ ಹೊಕ್ತು ಅಂತ ಮಾತ್ರ ಗೊತ್ತಾಗದಿಲ್ಲ."

"ಕಣ್ಣು ಬೇಡ ಡ್ರೈವರಣ್ಣ" ಅಂದೆ. "ಅಜೀರ್ಣ ಸಾಕು."

ಅವರಿಗೆ ಕೂಡಲೇ ಅರ್ಥವಾಯಿತು. ಶಾಲೆಯ ಮೈದಾನದಲ್ಲಿ ಅಭ್ಯಾಸ ಶುರು. ನಾನು ಮುಂದೆ ಎಂಜಿನ್ನಿನ ಸದ್ದು ಮಾಡುತ್ತ ಹೋಗುವುದು, ಅವರು ಕಿವಿಯ ಮೇಲೆ ಹಿಂದೆ ಬರುವುದು. ಇಳಿಜಾರು ಕಡಿದಾದರೆ ಸೆಕೆಂಡ್ ಗೇರು, ತಿರುವಿಗೆ ಹಾರ್ನು: ಬಲಕ್ಕೆ ಒಂದು, ಎಡಕ್ಕೆ ಎರಡು. ಎಲ್ಲರೂ ನನಗೆ ಹುಚ್ಚು ಅಂದರು. ಅವರು ಬಿದ್ದರೆ ನಿನ್ನ ತಲೆಗೇ ಬರುತ್ತದೆ ಅಂತಲೂ ಅಂದರು. ಆದರೆ ಎದುರಿಗೆ ಒಂದು ವಾಹನವೂ ಬರದ ರಸ್ತೆ ಇಡೀ ಮಲೆನಾಡಿನಲ್ಲಿ ಅದೊಂದೇ ಅಂತ ನನಗೆ ಗೊತ್ತಿತ್ತು. ಅವರ ಕಿವಿ ಎಂಥದು ಅಂತಲೂ ಗೊತ್ತಿತ್ತು.

ಹೊರಡುವ ಬೆಳಿಗ್ಗೆ ಅವರ ಮನೆಗೆ ಹೋದರೆ ಅತ್ತಿಗೆ ಅಂಗಳದಲ್ಲಿ ಕೂತು ಪಂಪು ಹಿಡಿದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. "ಎಂತ ನೋಡ್ತೀಯಾ? ಅರ್ಧ ಗಾಳೀಲಿ ಕಳ್ಸಕ್ಕಾಗ್ತದಾ?" ಅಂದರು. ಆಟೋ ಮಾಡಿಕೊಂಡು ಸುತ್ತುಬಳಸಿ ಬಂದು, ಇಳಿಜಾರಿನ ಕೆಳಗಿನ ಗೇಟಿನಲ್ಲಿ ಕಾಯುವುದು ಅವರ ಷರತ್ತು.

ಸೈಕಲ್ಲುಗಳನ್ನು ಗೂಡ್ಸ್ ಆಟೋದಿಂದ ಇಳಿಸಿ, ಮೇಲಿನ ಗೇಟಿನಲ್ಲಿ ನಾನು ಮುಂದೆ ನಿಂತೆ. ಎಂಜಿನ್ ಚಾಲೂ ಮಾಡಿದೆ. ಆದರೆ ಹೊರಡುವ ಹಾಗಿಲ್ಲವಲ್ಲ! ಪೆಡಲಿನ ಮೇಲೆ ಕಾಲಿಟ್ಟು ಕಾದೆ. ಹಿಂದೆ ಡ್ರೈವರಣ್ಣ ಗಂಟಲು ಸರಿಮಾಡಿಕೊಂಡರು. ಬದುಕಿಡೀ ಬೇರೆಯವರ ಬಾಯಿಂದ ಕೇಳಿದ್ದನ್ನು ಮೊದಲ ಸಲ ತಾವೇ ಹೇಳಿದರು: "ರೈಟ್."

ಬೆಳಗಿನ ಮಂಜು ಇನ್ನೂ ಮರಗಳ ನಡುವೆಯೇ ಇತ್ತು. ಮೊದಲ ತಿರುವು ದಾಟಿತು, ಎರಡನೆಯದೂ. ಹಿಂದಿನಿಂದ ಟೈರು ತರಗೆಲೆ ಮುರಿಯುವ ಸದ್ದು ಹದವಾಗಿ ಬರುತ್ತಿತ್ತು, ಜೊತೆಗೆ ಬೈಗುಳವೂ. "ಏಯ್, ಇಷ್ಟು ಜೋರಲ್ಲಿ ಸೆಕೆಂಡಾ? ಗೇರ್ ಬಾಕ್ಸ್ ನಿಮ್ಮಪ್ಪಂದಾ?" ಒಂದು ಬದಿಗೆ ಪ್ರಪಾತವಿದ್ದ ದೊಡ್ಡ ತಿರುವಿಗೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿ, ಉಸಿರು ಸಿಕ್ಕಿಕೊಂಡು, ಎಂಜಿನ್ ಪಕ್ಕನೆ ನಿಂತಿತು. ಸದ್ದೇ ಇಲ್ಲ. ಕೂಗಲೂ ದನಿಯಿಲ್ಲ. ಬ್ರೇಕು ಹಾಕಿ ತಿರುಗಿದೆ.

ಅವರು ನಿಂತಿದ್ದರು. ಸದ್ದು ನಿಂತಲ್ಲೇ, ರಸ್ತೆಯ ಒಳಬದಿಗೆ, ಎಡಗಾಲು ನೆಲಕ್ಕೂರಿ.

"ಇಳಿಜಾರಲ್ಲಿ ಎಂಜಿನ್ ಆಫ್ ಮಾಡ್ತ್ಯನಾ ಮುಂಡೇದೇ!" ಅಂದರು. "ಡೀಸೆಲ್ ಉಳ್ಸೋ ಡ್ರೈವರ್‌ಗಳು ಬದುಕಿದ್ದು ನೋಡಿಲ್ಲ ನಾನು. ತಗಾ, ಕುಡಿ." ನೀರಿನ ಬಾಟಲಿ ನಾನಿದ್ದ ದಿಕ್ಕಿಗೆ ಸರಿಯಾಗಿ ಚಾಚಿತು ಆ ಕರಿಯ ಕೈ.

ಕುಡಿದೆ. ಗಂಟಲು ಚಾಲೂ ಆಯಿತು. "ರೈಟ್" ಅಂದರು. ಕೆಳಗಿನವರೆಗೂ ಮತ್ತೆ ನಿಲ್ಲಿಸಲಿಲ್ಲ.

ಗೇಟಿನ ಹತ್ತಿರ ಅತ್ತಿಗೆ ಆಟೋ ಇಳಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು; ಮಾತು ಮಾತ್ರ ಗಟ್ಟಿ. "ಬಸ್ಸು ಲೇಟು" ಅಂದರು.

"ಎಂಜಿನ್ ಹಳೇದು ಕಣೇ" ಅಂತ ಡ್ರೈವರಣ್ಣ ನನ್ನ ಬೆನ್ನಿಗೆ ಗುದ್ದಿದರು. ಮಿಮಿಕ್ರಿಗೆ ನನಗೆ ಶಾಲು, ಹಾರ, ಸ್ಟೀಲಿನ ತಟ್ಟೆ ಎಲ್ಲ ಸಿಕ್ಕಿವೆ. ಆ ಗುದ್ದಿನ ಪಕ್ಕದಲ್ಲಿಡುವಂಥದ್ದು ಒಂದೂ ಇಲ್ಲ.

ಈ ಮಳೆಗಾಲ ಅವರು ಹೋದರು. ಎದೆನೋವು ಅಂದದ್ದು ಬೆಳಿಗ್ಗೆ, ಮಧ್ಯಾಹ್ನ ಎಲ್ಲ ಮುಗಿದಿತ್ತು. ತೀರ್ಥಹಳ್ಳಿಯ ಆಸ್ಪತ್ರೆಯಿಂದ ಹೊಸನಗರಕ್ಕೆ ತರಬೇಕಿತ್ತು. ವ್ಯಾನಿನ ಹಿಂದೆ ಅವರು, ಅವರ ತಲೆಯ ಹತ್ತಿರ ಅತ್ತಿಗೆ, ಕಾಲಿನ ಹತ್ತಿರ ನಾನು. ಬಟ್ಟೆಯ ಹೊರಗೆ ಬಲಗೈ ಮಾತ್ರ ಕಾಣುತ್ತಿತ್ತು. ಬಾಗಿಲು ಹಾಕಿದರು. ಎಂಜಿನ್ ಚಾಲೂ ಆಗಿ ವ್ಯಾನು ಅಲ್ಲೇ ನಡುಗುತ್ತ ನಿಂತಿತು. ಮುಂದಿದ್ದ ಹುಡುಗ ಡ್ರೈವರು ನಮ್ಮ ಕಡೆ ತಿರುಗಿ ನೋಡಿದ. ಅತ್ತಿಗೆ ನನ್ನನ್ನು ನೋಡಿದರು.

ಹಿಂದಿದ್ದವನು ನಾನು. ನನ್ನಲ್ಲಿರುವ ಅಷ್ಟೂ ದನಿಗಳನ್ನು ಹುಡುಕಿದೆ; ಯಾವುದೂ ಕೈಗೆ ಸಿಗಲಿಲ್ಲ. ಇದ್ದ ದನಿಯಲ್ಲೇ "ರೈಟ್" ಅಂದೆ.

ಹುಡುಗ ಫಸ್ಟ್ ಗೇರು ಹಾಕಿದ. ಹಲ್ಲು ಹಲ್ಲು ಮಸೆದ ಹಾಗೆ ಗರ್ರೆಂದಿತು. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ಡ್ರೈವರಣ್ಣನ ದನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಹೊರಬಂತು: "ಏಯ್, ಕ್ಲಚ್ ಪೂರ್ತಿ ತುಳಿಯಾ ಮಾರಾಯ!"

ಅತ್ತಿಗೆ ಆ ಕರಿಯ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಮೆಲ್ಲ ಬೈಯಾ" ಅಂದರು. "ಇವ್ರು ಎದ್ದು ಕೂತು ನಾನೇ ಓಡಿಸ್ತೀನಿ ಅಂದ್ರೆ ಎಂತ ಮಾಡದು?"